ತಿರುವಿನಲ್ಲಿ ಕಾದವರು

"ಗುರುಗಳೇ, ಹಿಂದೆ ಬೀಳುವವರಿಗಾಗಿ ಎಷ್ಟು ಹೊತ್ತು ಕಾಯಬೇಕು?" ಎಂದು ಶಿಷ್ಯ ಕೇಳಿದ. ಅವನು ಸಂಜೆ ಹೊತ್ತು ಊರಿನವರಿಗೆ ಓದು ಕಲಿಸುತ್ತಿದ್ದ. ಕಲಿಯಲು ಬರುವವರಲ್ಲಿ ಒಬ್ಬ ಮುದುಕಿಯೂ ಇದ್ದಳು. "ಒಂದೊಂದು ಸಾಲಿಗೂ ಆಕೆಗಾಗಿ ಕಾದಿದ್ದೇನೆ. ಆದರೂ ನಿನ್ನೆ ಅತ್ತುಕೊಂಡು ಎದ್ದು ಹೋದಳು. ನನ್ನ ತಪ್ಪೇನು?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಸೈಕಲ್ ಸವಾರರ ಸಂಘವಿತ್ತು. ತಿಂಗಳಿಗೊಂದು ಭಾನುವಾರ ಅವರು ಬೆಳಿಗ್ಗೆ ಹೊರಟು, ಹಳ್ಳಿಗಳ ದಾರಿಯಲ್ಲಿ ಸುತ್ತಿ, ಸಂಜೆಗೆ ಮರಳುತ್ತಿದ್ದರು. ಅದು ಪಂದ್ಯವಲ್ಲ, ಸ್ನೇಹಕ್ಕಾಗಿ ಹೋಗುವ ಸವಾರಿ. ಸಂಘದ ಮುಖಂಡ ಒಬ್ಬ ವಕೀಲ. ಒಳ್ಳೆಯವನು. ಯಾರನ್ನೂ ಹಿಂದೆ ಬಿಟ್ಟು ಹೋಗಬಾರದು ಎಂದು ನಿಯಮ ಮಾಡಿದವನು ಅವನೇ.

ಅದೇ ಊರಿನಲ್ಲಿ ಕನ್ನಡಕದ ಅಂಗಡಿಯವನೊಬ್ಬನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಂಗಡಿಗೆ ಬಂದವರನ್ನು ಅಕ್ಷರ ಕಾಣುತ್ತದೆಯೇ ಎಂದು ಕೇಳುವುದು ಬಿಟ್ಟರೆ ದಿನವಿಡೀ ಅವನಿಗೆ ಬೇರೆ ಮಾತಿರಲಿಲ್ಲ. ಕನ್ನಡಕಕ್ಕೆಂದು ಬಂದ ವಕೀಲ ಒಂದು ದಿನ ಅವನ ಮುಖ ನೋಡಿ, "ನಮ್ಮ ಜೊತೆ ಬನ್ನಿ, ನಾಲ್ಕು ಜನರ ನಡುವೆ ಮನಸ್ಸು ಹಗುರವಾಗುತ್ತದೆ" ಎಂದು ಕರೆದ. ಅಂಗಡಿಯವನು ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟು, ಗಾಳಿ ತುಂಬಿಸಿಕೊಂಡು, ಭಾನುವಾರ ಎಲ್ಲರಿಗಿಂತ ಮೊದಲೇ ಬಂದು ನಿಂತ.

ಊರು ದಾಟುವವರೆಗೆ ಅವನು ಜೊತೆಯಲ್ಲೇ ಇದ್ದ. ಮೊದಲ ದಿಣ್ಣೆ ಹತ್ತುವಾಗ ಹಿಂದೆ ಬಿದ್ದ. ದಿಣ್ಣೆಯ ಮೇಲೆ ಎಲ್ಲರೂ ಅವನಿಗಾಗಿ ಕಾದರು. ಬೇವಿನ ನೆರಳಿನಲ್ಲಿ ಕೂತು ನೀರು ಕುಡಿದರು, ಮನೆಯ ಸುದ್ದಿ ಆಡಿದರು, ನಕ್ಕರು. ಅವನು ಏದುಸಿರು ಬಿಡುತ್ತ ಬಂದು ತಲುಪಿದ.

"ಬಂದಿರಾ? ಒಳ್ಳೆಯದಾಯಿತು. ಹೊರಡೋಣ" ಎಂದು ವಕೀಲ ಸೈಕಲ್ ಹತ್ತಿದ. ಉಳಿದವರೂ ಹತ್ತಿದರು. ಅಂಗಡಿಯವನು ಕೆಳಗಿಳಿಯದೆ ಹಾಗೇ ತುಳಿದ.

ಕೆರೆಯ ಏರಿಯ ಮೇಲೂ ಹಾಗೇ ಆಯಿತು. ಜೋಳದ ಹೊಲದ ತಿರುವಿನಲ್ಲೂ ಅಷ್ಟೇ. ದೂರದಿಂದ ಅವರ ನಗು ಕೇಳಿಸುತ್ತಿತ್ತು. ಅದರಲ್ಲಿ ತಾನೂ ಸೇರಬೇಕೆಂದು ಅವನು ಇದ್ದಬದ್ದ ಬಲವನ್ನೆಲ್ಲ ಹಾಕಿ ತುಳಿಯುತ್ತಿದ್ದ. ಹತ್ತಿರ ಬರುತ್ತಲೇ ನಗು ನಿಲ್ಲುತ್ತಿತ್ತು, ಜನ ಮೇಲೇಳುತ್ತಿದ್ದರು. ಮಧ್ಯಾಹ್ನ ಒಂದು ಗುಡಿಯ ಜಗಲಿಯಲ್ಲಿ ಊಟ. ಅವನು ಅಲ್ಲಿಗೆ ತಲುಪುವಾಗ ಎಲ್ಲರೂ ಕೈ ತೊಳೆಯುತ್ತಿದ್ದರು. ಒಬ್ಬಾಕೆ ಅವನ ಪಾಲು ತೆಗೆದಿಟ್ಟಿದ್ದಳು. "ನಿಧಾನವಾಗಿ ಉಣ್ಣಿ ಅಣ್ಣಾ, ನಾವು ಕಾಯುತ್ತೇವೆ" ಎಂದಳು. ಎಲ್ಲರೂ ಸೈಕಲ್ ಹಿಡಿದು, ನಿಂತುಕೊಂಡೇ ಕಾದರು. ಅವನು ಎರಡು ತುತ್ತು ನುಂಗಿ ಎದ್ದುಬಿಟ್ಟ.

ಸಂಜೆ ಊರು ಸೇರಿದ ಮೇಲೆ ವಕೀಲ ಅವನ ಬೆನ್ನು ತಟ್ಟಿ, "ನೋಡಿದಿರಾ, ನಿಮ್ಮನ್ನು ಎಲ್ಲೂ ಬಿಡಲಿಲ್ಲ" ಎಂದ.

"ಹೌದು ವಕೀಲರೇ. ನನ್ನಿಂದ ನಿಮಗೆಲ್ಲ ತೊಂದರೆಯಾಯಿತು" ಎಂದು ಅಂಗಡಿಯವನು ಕೈಮುಗಿದ.

ಮನೆಗೆ ಹೋಗಿ ದೀಪ ಹಾಕದೆ ಕೂತ. ಇಷ್ಟು ದಿನ ಒಂಟಿಯಾಗಿದ್ದೇನೆ ಎಂದುಕೊಂಡಿದ್ದ. ಈಗ ತಾನು ಇನ್ನೊಬ್ಬರಿಗೆ ಭಾರ ಎಂದೂ ಅನಿಸಿತು.

ಮುಂದಿನ ತಿಂಗಳು ಅವನು ಬರಲಿಲ್ಲ. ವಕೀಲ ಹೇಳಿಕಳಿಸಿದ. ಮಂಡಿನೋವು ಎಂಬ ಉತ್ತರ ಬಂತು. ಆಮೇಲೆ ಯಾರೂ ಕೇಳಲಿಲ್ಲ. ಮಳೆಗಾಲ ಮುಗಿಯುವ ಮುಂಚೆ ಒಂದು ದಿನ ಅಂಗಡಿ ತೆರೆಯಲಿಲ್ಲ. ಪಕ್ಕದವರು ಮನೆಗೆ ಹೋಗಿ ನೋಡಿದರು. ಮಲಗಿದಲ್ಲೇ ಪ್ರಾಣ ಹೋಗಿತ್ತು.

ಸಂಘದವರೆಲ್ಲ ಮಣ್ಣಿಗೆ ಬಂದರು. ಬೀದಿಯ ಹಿರಿಯನೊಬ್ಬ, "ನಿಮ್ಮ ಜೊತೆಗಾರನಲ್ಲವೇ, ಅವನ ಬಗ್ಗೆ ಎರಡು ಮಾತು ಹೇಳಿ" ಎಂದು ವಕೀಲನನ್ನು ಕೇಳಿದ. ವಕೀಲ ಮುಂದೆ ಬಂದು ನಿಂತ. ಸತ್ತವನು ಎಲ್ಲಿ ಹುಟ್ಟಿದ್ದ, ಅವನಿಗೆ ಏನು ಇಷ್ಟ, ಅವನ ಹೆಂಡತಿಯ ಹೆಸರೇನು, ವಕೀಲನಿಗೆ ಒಂದೂ ತಿಳಿದಿರಲಿಲ್ಲ.

"ನಾವು ಅವರಿಗಾಗಿ ಎಲ್ಲ ತಿರುವಿನಲ್ಲೂ ಕಾದಿದ್ದೆವು" ಎಂದಷ್ಟೇ ಹೇಳಿ ಹಿಂದೆ ಸರಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಪಾಪ, ಅವರು ಕಾದರಲ್ಲ ಗುರುಗಳೇ. ಇನ್ನೇನು ಮಾಡಬೇಕಿತ್ತು?" ಎಂದ.

"ಅವನು ಬರುವ ತನಕ ಎಲ್ಲರೂ ಕೂತಿದ್ದರು, ಬಂದ ಮೇಲೆ ಅವನ ಜೊತೆ ಯಾರು ಕೂತರು?"