ನೀರಗಂಟಿಯ ಮಗಳು ಎದ್ದು ನಿಂತದ್ದು

ಸರ್ಕಾರಿ ಶಾಲೆಯಲ್ಲಿ ಮೇಷ್ಟರಾಗಿದ್ದ ತಿಪ್ಪೇಶ ತನ್ನ ಗುರುಗಳಲ್ಲಿಗೆ ಬಂದು ಕೇಳಿದ: "ಗುರುಗಳೇ, ನಾನು ಮಕ್ಕಳಿಗೆ ಪೌರನೀತಿ ಹೇಳಿಕೊಡುತ್ತೇನೆ. ಹಕ್ಕು ಯಾವುದು, ಕರ್ತವ್ಯ ಯಾವುದು ಎಂದರೆ ತಡವರಿಸದೆ ಒಪ್ಪಿಸುತ್ತಾರೆ. ಬಿಸಿಯೂಟದ ಸಾಲಿಗೆ ಬಂದ ಕೂಡಲೇ ಬಲವಿದ್ದವನು ಬಲವಿಲ್ಲದವನನ್ನು ಹಿಂದಕ್ಕೆ ತಳ್ಳುತ್ತಾನೆ. ಪಾಠ ನಾಲಗೆಯಿಂದ ಕೆಳಗೆ ಇಳಿಯುವುದು ಹೇಗೆ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟರಿದ್ದರು. ಇಪ್ಪತ್ತು ವರ್ಷ ನಿನ್ನ ಹಾಗೆಯೇ ಪಾಠ ಮಾಡಿದ್ದರು. ಆ ಊರಿನಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತಿತ್ತು. ಮಕ್ಕಳು ಪಂಚಾಯಿತಿಯವರ ಮುಂದೆ ನಿಂತು ತಮ್ಮ ಅಹವಾಲು ಹೇಳಬೇಕು. ಹೇಳಬೇಕಾದದ್ದನ್ನು ಮೇಷ್ಟರೇ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಮಕ್ಕಳು ಓದುತ್ತಿದ್ದರು. ಅಧ್ಯಕ್ಷರು ಚಪ್ಪಾಳೆ ತಟ್ಟಿ ಬಿಸ್ಕತ್ತು ಹಂಚುತ್ತಿದ್ದರು.

ಒಂದು ವರ್ಷ ಚೀಟಿ ಬರೆಯಲು ಮೇಷ್ಟರಿಗೆ ಮನಸ್ಸು ಬರಲಿಲ್ಲ. "ಊರಿನಲ್ಲಿ ಎಲ್ಲರಿಗೂ ಸೇರಿದ್ದು ಯಾವುದು, ಅದು ಎಲ್ಲರಿಗೂ ಸಿಗುತ್ತಿದೆಯೇ, ನೀವೇ ನೋಡಿ ಬರೆದುಕೊಂಡು ಬನ್ನಿ" ಎಂದುಬಿಟ್ಟರು.

ಮಕ್ಕಳು ನೀರನ್ನು ಆರಿಸಿಕೊಂಡರು. ಎಂಟು ದಿನ ಬೆಳಗ್ಗೆ ಬೀದಿಗೊಬ್ಬರಂತೆ ನಲ್ಲಿಯ ಹತ್ತಿರ ನಿಂತು, ನೀರು ಬಂದ ಹೊತ್ತು, ನಿಂತ ಹೊತ್ತು ಗುರುತು ಹಾಕಿಕೊಂಡರು. ಮೇಲಿನ ಬೀದಿಗೆ ಒಂದೂವರೆ ಗಂಟೆ ನೀರು. ಊರಾಚೆಯ ಕೇರಿಗೆ ಹತ್ತು ನಿಮಿಷ. ಎಂಟು ದಿನವೂ ಹಾಗೆಯೇ.

ಇದನ್ನೆಲ್ಲ ಒಂದು ಹಾಳೆಗೆ ಇಳಿಸಿದವಳು ಏಳನೆಯ ತರಗತಿಯ ನಾಗವೇಣಿ. ಅವಳ ತಂದೆ ಆ ಊರಿನ ನೀರಗಂಟಿ. ವಾಲ್ವು ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು ಅವನ ಕೆಲಸ. ಹಾಳೆ ನೋಡಿದ ಮೇಷ್ಟರಿಗೆ ದಿಗಿಲಾಯಿತು. ಪಂಚಾಯಿತಿಯವರು ಮುನಿದರೆ ಆ ಮನೆಯ ಅನ್ನ ಹೋಗುತ್ತದೆ.

"ನೀನು ಓದುವುದು ಬೇಡಮ್ಮ, ಬೇರೆ ಯಾರಾದರೂ ಓದಲಿ" ಎಂದರು.

"ಬರೆದವಳು ನಾನು, ಸಾರ್. ನಿನ್ನೆ ಅಪ್ಪನಿಗೂ ಓದಿ ಹೇಳಿದೆ. ಅಪ್ಪ ಊಟ ಮಾಡಲಿಲ್ಲ. ಆದರೆ ಓದಬೇಡ ಅನ್ನಲಿಲ್ಲ."

ಸಭೆ ಕೂಡಿತು. ಎಲ್ಲ ಬೀದಿಯವರೂ ಕೇಳಲು ಬಂದು ಕುಳಿತಿದ್ದರು. ನಾಗವೇಣಿ ಎದ್ದು ನಿಂತು ಓದಿದಳು. ದನಿ ಸಣ್ಣದು. ಬೀದಿಯ ಹೆಸರು, ದಿನ, ಹೊತ್ತು, ಅಷ್ಟೆ. ಯಾರನ್ನೂ ದೂರಲಿಲ್ಲ. ಅವಳು ಕುಳಿತಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಅಧ್ಯಕ್ಷರು ನಕ್ಕು, "ಮಕ್ಕಳಲ್ಲವೇ, ಎಲ್ಲೋ ತಪ್ಪಿ ಬರೆದಿರಬೇಕು" ಎಂದರು.

ಹಿಂದಿನಿಂದ ನೀರಗಂಟಿ ಎದ್ದ. "ತಪ್ಪಿಲ್ಲ, ಸ್ವಾಮಿ. ವಾಲ್ವು ತಿರುಗಿಸಿದ್ದು ಇದೇ ಕೈ. ನೀವು ಹೇಳಿದಿರಿ, ನಾನು ಮಾಡಿದೆ. ನಾಳೆಯಿಂದ ನನ್ನ ಕೈಲಿ ಆಗುವುದಿಲ್ಲ."

ಆಮೇಲೆ ಮೇಲಿನ ಬೀದಿಯ ಒಬ್ಬ ಮುದುಕಿ ಎದ್ದು, "ನಮ್ಮ ಬಚ್ಚಲಲ್ಲಿ ಹರಿದು ಹೋದದ್ದು ಅವರು ಕುಡಿಯುವ ನೀರು. ಸಮನಾಗಿ ಬಿಡಿ" ಎಂದಳು. ಅವಳ ಹಿಂದೆ ಮತ್ತೊಬ್ಬರು ಎದ್ದರು. ಕೇರಿಯವರು ಎದ್ದರು. ನೋಡುನೋಡುತ್ತಿದ್ದಂತೆ ಕುಳಿತವರು ಅಧ್ಯಕ್ಷರೊಬ್ಬರೇ ಆದರು. ಕೊನೆಗೆ ಅವರೂ ಎದ್ದರು. ಎಲ್ಲ ಬೀದಿಗೂ ಸಮನಾದ ಹೊತ್ತು ನೀರು ಎಂದು ಠರಾವಾಯಿತು. ನೀರಗಂಟಿಯ ಕೆಲಸ ಹೋಗಲಿಲ್ಲ. ಮೂರು ತಿಂಗಳು ಅಧ್ಯಕ್ಷರು ಅವನೊಡನೆ ಮಾತನಾಡಲಿಲ್ಲ.

ಮೇಷ್ಟರು ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. 'ಎಲ್ಲರೂ ಸಮಾನರು' ಎಂಬ ವಾಕ್ಯವನ್ನು ಅವರು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದು ಒರೆಸಿದ್ದರು. ಅದಕ್ಕೆ ಇಷ್ಟು ಶಕ್ತಿಯಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗುಡಿಯ ಹೊಸ್ತಿಲಲ್ಲಿ ನಿಂತವರಂತೆ, ತಮಗೇ ತಿಳಿಯದೆ ಚಪ್ಪಲಿ ಕಳಚಿದ್ದರು.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶ, "ಅಂಥ ಮಗು ಸಿಗುವುದು ಪುಣ್ಯ. ನನ್ನ ಶಾಲೆಯಲ್ಲಿ ಇಲ್ಲ" ಎಂದ.

ಗುರುಗಳು ಹೇಳಿದರು: "ಇದೆ, ಅದರ ಮಾತನ್ನು ನೀನು ಇನ್ನೂ ಕೇಳಿಲ್ಲ."