ಮಗಳಿಗಿಂತ ಎಳೆಯಳಾದ ತಾಯಿ

“ಕೇಳಿರಿ, ಕೇಳಿರಿ! ಸೀಮೆಯ ಅಂತರ್ಜಾಲ ಹುಡುಕುತಾಣದಲ್ಲಿ ಯಾರ ಪುಟ ಮೇಲೆ, ಯಾರದು ಕೆಳಗೆ ಎಂಬ ನಿಯಮವನ್ನು ರಾಜಕುಮಾರಿ ರುದ್ರಾಂಬೆಯವರು ಈ ವರ್ಷ ಮೂರು ಸಲ ಬದಲಿಸಿದರು. ಮೂರು ಸಲವೂ ಯಾರೋ ಒಬ್ಬ ಮೋಸಗಾರ ಗೆದ್ದ. ಅವರ ಮೂರು ಒಗಟು ಬಿಡಿಸಿದವರಿಗೆ ಮುಂದಿನ ನಿಯಮ ಬರೆಯುವ ಅಧಿಕಾರ. ತಪ್ಪಿದವರಿಗೆ ಗಡೀಪಾರು!”

ಡಂಗುರದ ಸದ್ದು ಕೇಳಿ ಬೀರಣ್ಣ ಕಿಟಕಿಯಿಂದ ಹಿಂದೆ ಸರಿದ. ಅವರಿವರಿಗೆ ಪುಟ ಬರೆದುಕೊಟ್ಟು ಹೊಟ್ಟೆ ಹೊರೆಯುವ ಬಡವ ಅವನು. ಮೂಳೆನೋವಿನ ತೈಲದ ವ್ಯಾಪಾರಿ ಗಿರಿರಾಜನ ಪುಟವನ್ನು ಮೂರು ಸಲವೂ ಮೇಲೇರಿಸಿದವನು ಅವನೇ. ಊರಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಮಾತ್ರ, ತಟ್ಟೆಯ ಮುಂದೆ ಕೂತು ತುತ್ತು ಎತ್ತಿದಾಗಲೆಲ್ಲ ನೆನಪಾಗುತ್ತಿತ್ತು.

ಮನೆಯಲ್ಲೇ ಉಳಿಯಬಹುದಿತ್ತು. ಆದರೆ ಡಂಗುರದವನು ಇನ್ನೊಂದು ಮಾತು ಸೇರಿಸಿದ: ಗಿರಿರಾಜನ ಪುಟ ಕದ್ದ ಆರೋಪದ ಮೇಲೆ ಮೂಳೆ ಕಟ್ಟುವ ಸಂಕಮ್ಮನನ್ನೂ ಅಂದೇ ಗಡಿಯಾಚೆ ಅಟ್ಟಲಾಗುವುದು. ಬೀರಣ್ಣ ಚಪ್ಪಲಿ ಮೆಟ್ಟುವುದನ್ನೂ ಮರೆತು ಅರಮನೆಗೆ ನಡೆದ.

ಆಸ್ಥಾನದ ಕಂಬದ ಬಳಿ ಸಂಕಮ್ಮ ನಿಂತಿದ್ದಳು. ಏಳು ವರ್ಷದವನಿದ್ದಾಗ ಮರದಿಂದ ಬಿದ್ದ ಬೀರಣ್ಣನ ಕಾಲು ಕಟ್ಟಿದವಳು ಅವಳೇ. ಅವನು ಅವಳ ಕಣ್ಣಿಗೆ ಬೀಳದಂತೆ ಜನರ ಹಿಂದೆ ನಿಂತ.

ರಾಜಕುಮಾರಿ ಮೊದಲ ಒಗಟು ಕೇಳಿದಳು. “ಬಿಳಿ ಹೊಲದಲ್ಲಿ ಬಿಳಿ ಬೀಜ. ಬಿತ್ತಿದವನಿಗೂ ನನಗೂ ಮಾತ್ರ ಕಾಣುತ್ತದೆ, ದಾರಿಹೋಕರಿಗೆ ಕಾಣದು. ಏನದು?”

ನೆರೆನಾಡಿನ ರಾಜಕುಮಾರ ಮೀಸೆ ತಿರುವಿ, “ಮಂಜು!” ಅಂದ. ಭಟರು ಅವನನ್ನು ಹೊರಗೆ ಕರೆದೊಯ್ದರು. ಗಿರಿರಾಜ ಮುಂದೆ ಬಂದ. ನಿಯಮ ಬರೆಯುವ ಅಧಿಕಾರದ ಆಸೆ ಅವನಿಗೆ. ಆದರೆ ಪುಟ “ಮೇಲೆ ತಾ” ಎಂದು ಹೇಳಿದ್ದನೇ ಹೊರತು, ಹೇಗೆ ಮೇಲೇರಿಸಿದೆ ಎಂದು ಬೀರಣ್ಣನನ್ನು ಒಮ್ಮೆಯೂ ಕೇಳಿದವನಲ್ಲ.

“ಉಪ್ಪು ಇರಬೇಕು, ತಾಯಿ,” ಅಂದ. ಅವನೂ ಹೊರಗೆ ಹೋದ.

“ಯಾರೂ ಇಲ್ಲವೇ?” ರಾಜಕುಮಾರಿ ಸಂಕಮ್ಮನ ಕಡೆ ತಿರುಗಿದಳು. “ಹಾಗಾದರೆ, ಅಜ್ಜಿ…”

“ನಾನಿದ್ದೇನೆ.” ಬೀರಣ್ಣನ ದನಿ ಹತ್ತಿರದವರಿಗೆ ಮಾತ್ರ ಕೇಳಿಸುವಷ್ಟಿತ್ತು. ಜನ ದಾರಿ ಬಿಟ್ಟರು. “ಅದು ಮರೆಯಲ್ಲಿಟ್ಟ ಮಾತು, ತಾಯಿ. ಕೇಳಿದ ಪದ ಹೆಚ್ಚು ಸಲ ಇರುವ ಪುಟವೇ ಮೇಲೆ ಎಂಬುದು ನಿಮ್ಮ ಮೊದಲ ನಿಯಮ. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ‘ಮೂಳೆ, ಮೂಳೆ’ ಎಂದು ಸಾವಿರ ಸಲ ಬರೆದರೆ ಓದುವವರಿಗೆ ಕಾಣದು, ನಿಮ್ಮ ಹುಡುಕುತಾಣಕ್ಕೆ ಕಾಣುತ್ತದೆ.”

ರಾಜಕುಮಾರಿ ತುಸು ಮುಂದಕ್ಕೆ ಬಾಗಿದಳು. “ಅದು ತಿಳಿದು ನಿಯಮ ಬದಲಿಸಿದೆ. ಬಿಳಿ ಬೀಜದವರೆಲ್ಲ ರಾತ್ರೋರಾತ್ರಿ ನೆಲಕಚ್ಚಿದರು. ಹದಿನೈದು ದಿನದಲ್ಲಿ ಒಬ್ಬ ಮತ್ತೆ ಮೇಲೆದ್ದ. ನೂರು ಮನೆಯವರು ಅವನ ಮನೆಯತ್ತ ಬೆರಳು ತೋರಿಸುತ್ತಿದ್ದರು. ಹೋಗಿ ನೋಡಿದರೆ ಆ ನೂರು ಮನೆಯಲ್ಲಿ ಒಲೆಯೇ ಹೊತ್ತಿಲ್ಲ. ಬೆರಳು ಯಾರದು?”

“ಒಬ್ಬನದೇ. ನಾಲ್ಕು ಜನ ಕೊಂಡಿ ಕೊಟ್ಟ ಪುಟವೇ ಮೇಲೆ ಅಂದಿರಿ. ಒಬ್ಬನೇ ಕೂತು ನೂರು ಖಾಲಿ ವೆಬ್‌ಸೈಟು ಕಟ್ಟಿ, ಎಲ್ಲದರಿಂದಲೂ ಒಂದೇ ಪುಟಕ್ಕೆ ಕೊಂಡಿ ಹಾಕಿದ.”

“ಕೊನೆಯದು. ಸ್ವಂತ ಬರಹ ಮೇಲೆ, ನಕಲು ಕೆಳಗೆ ಎಂದು ಮೂರನೆಯ ಸಲ ಬದಲಿಸಿದೆ. ಅಲ್ಲೂ ಮೋಸ ನಡೆದಿದೆಯೆಂಬ ಗುಮಾನಿಯಿದೆ, ಯಾರದೆಂದು ಗೊತ್ತಿಲ್ಲ. ಈಗ ಹೇಳು. ಮಗಳಿಗಿಂತ ಎಳೆಯಳಾದ ತಾಯಿ ಯಾರು?”

ಬೀರಣ್ಣ ಕಂಬದ ಕಡೆ ನೋಡದೆ ಹೇಳಿದ.

“ಸಂಕಮ್ಮನ ಪುಟ. ಅದೇ ತಾಯಿ. ಅದನ್ನು ಅಕ್ಷರ ಬಿಡದೆ ಎತ್ತಿ ಗಿರಿರಾಜನ ಹೆಸರಲ್ಲಿ ಹಾಕಿ, ಎರಡು ವರ್ಷ ಹಿಂದಿನ ತಾರೀಖು ಕೊಟ್ಟದ್ದು ಮಗಳು. ಹುಡುಕುತಾಣ ತಾರೀಖು ನೋಡಿತು. ಹೆತ್ತವಳನ್ನೇ ಕಳ್ಳಿ ಎಂದಿತು. ಅವಳ ಪುಟ ಯಾರೂ ಇಣುಕದಷ್ಟು ಕೆಳಗೆ ಹೋಯಿತು, ಮೂಳೆ ಕಟ್ಟಿಸಿಕೊಳ್ಳಲು ಅವಳ ಅಂಗಳಕ್ಕೆ ಬರುವವರೂ ಇಲ್ಲವಾದರು.”

“ಇಷ್ಟು ಹೇಗೆ ಬಲ್ಲೆ?”

“ಮಾಡಿದವನು ನಾನೇ, ತಾಯಿ. ಮೂರೂ.”

ಆಸ್ಥಾನದಲ್ಲಿ ಗುಜುಗುಜು ಎದ್ದಿತು. ಬೀರಣ್ಣ ಕೈಕಟ್ಟಿಕೊಂಡು ಭಟರಿಗಾಗಿ ಕಾದ. ರಾಜಕುಮಾರಿ ಮೊದಲು ಸಂಕಮ್ಮನಿಗೆ ಕೈಮುಗಿದು, “ತಪ್ಪು ನನ್ನ ನಿಯಮದ್ದು, ಅಜ್ಜಿ. ಇಂದೇ ನಿಮ್ಮ ಪುಟ ಮೇಲೆ ಬರುತ್ತದೆ,” ಅಂದಳು. ಆಮೇಲೆ ಬೆರಳಿನ ಮುದ್ರೆಯುಂಗುರ ತೆಗೆದು ಬೀರಣ್ಣನ ಅಂಗೈಗೆ ಹಾಕಿದಳು. “ಸಾರಿದ ಮಾತು ಸಾರಿದ್ದೇ. ಮುಂದಿನ ನಿಯಮ ನೀನು ಬರೆ. ಯಾವ ಬೇಲಿಯಲ್ಲಿ ಎಲ್ಲಿ ಕಂಡಿಯಿದೆ ಎಂದು ನಿನ್ನಷ್ಟು ಬಲ್ಲವರಿಲ್ಲ.”

ಶಿಕ್ಷೆ ಕೊಟ್ಟಿದ್ದರೆ ಹೊತ್ತುಕೊಂಡು ಹೋಗುತ್ತಿದ್ದ. ಉಂಗುರ ಕೆಂಡದ ಹಾಗಿತ್ತು. ಜನ ಜಯಕಾರ ಹಾಕಿದಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಕಮ್ಮ ಹತ್ತಿರ ಬಂದಳು. ಅವನು ಕಾಲಿಗೆ ಬೀಳಲು ಹೋದರೆ ತಡೆದಳು.

“ಲೋ ಬೀರ, ಅಷ್ಟುದ್ದದ ಪುಟ ಎತ್ತಿಕೊಂಡೆಯಲ್ಲ, ಒಮ್ಮೆಯಾದರೂ ಓದಿದೆಯಾ?”

“ಇಲ್ಲವ್ವ. ಬರೀ ಎತ್ತಿದೆ.”

“ಹಾಗಾದರೆ ಈಗ ಓದು. ಇಲ್ಲೇ.”

ಯಾರೋ ಪುಟ ತೆರೆದು ಅವನ ಮುಂದೆ ಹಿಡಿದರು. ತುಂಬಿದ ಆಸ್ಥಾನದಲ್ಲಿ ಬೀರಣ್ಣ ಕಿವಿ ಬಿಸಿಯಾಗಿ, ತಡವರಿಸಿ ಶುರುಮಾಡಿದ: “ಮುರಿದ ಜಾಗ ಮುಟ್ಟುವ ಮೊದಲು ನೋವುಂಡವರ ಮುಖ ನೋಡಬೇಕು…”

ಮುಂದಿನ ಸಾಲು ಕಣ್ಣಿಗೆ ಮಸುಕಾಯಿತು. ಸಂಕಮ್ಮ ಅವಸರ ಮಾಡಲಿಲ್ಲ, ಅಲ್ಲೇ ಎದುರಿಗೆ ನಿಂತೇ ಇದ್ದಳು. ಅವನಿಗೆ ತಲೆ ಎತ್ತಿ ಅವಳ ಮುಖ ನೋಡಲು ಬಹಳ ಹೊತ್ತು ಹಿಡಿಯಿತು.