ಕಾವಲುಗಾರರು ಹಸಿರು ಕೊಂಬೆ ಕಡಿದದ್ದೇಕೆ

ಮಿದುಳಿನೊಳಗೆ ಕಾವಲಿನ ಜೀವಕೋಶಗಳಿವೆ.

ಅವಕ್ಕೆ ಕೈಗಳು ಹಲವು.

ಮಗು ಗರ್ಭದಲ್ಲಿರುವಾಗಲೇ ಅವು ಮಿದುಳಿನ ಹೊರಗಿನಿಂದ ಬಂದು ಅಲ್ಲಿ ನೆಲೆಸುತ್ತವೆ.

ಅವು ಕಸ ತಿನ್ನುತ್ತವೆ.

ಅಲ್ಝೈಮರ್ ಕಾಯಿಲೆಯಲ್ಲಿ ಅವು ಕಸದ ಜೊತೆಗೆ ನೆನಪಿನ ಕೊಂಡಿಗಳನ್ನೂ ತಿನ್ನುತ್ತವೆ ಎಂಬ ಸುಳಿವು ಸಂಶೋಧಕರಿಗೆ ಸಿಕ್ಕಿದೆ. ಅವು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ಒಂದು ಕಥೆಯಿದೆ.

ಲೋಕ ಇನ್ನೂ ಹಸಿಯಾಗಿದ್ದಾಗ, ಹೊನ್ನಜ್ಜಿ ಎಂಬವಳ ತಲೆಯೊಳಗೆ ಒಂದು ಕಾಡು ಬೆಳೆಯಿತು. ಒಂದು ಮರದ ಕೊಂಬೆ ಇನ್ನೊಂದು ಮರದ ಕೊಂಬೆಯನ್ನು ಮುಟ್ಟಿದಲ್ಲೆಲ್ಲ ಒಂದು ನೆನಪು. ಕಾಡಿನ ನಡುವೆ ಒಂದು ಹೊಳೆ.

ಹೊಳೆ ಕಾವಲುಗಾರರನ್ನು ಕರೆಯಿತು. "ಬಿದ್ದ ಕಸ ತಿನ್ನಿ. ಒಣಗಿದ ಕೊಂಬೆಗೆ ನಾನು ಸುಣ್ಣದ ಗುರುತು ಹಾಕುತ್ತೇನೆ, ಅದನ್ನು ಕಡಿಯಿರಿ. ಗುರುತಿಲ್ಲದ್ದನ್ನು ಮುಟ್ಟಬೇಡಿ."

"ಹಸಿರೋ ಒಣಗಿದ್ದೋ ನಾವು ನೋಡುವುದು ಬೇಡವೇ?"

"ನಿಮಗೆ ಕಣ್ಣೆಲ್ಲಿದೆ? ಇರುವುದು ಕೈ. ತಡವಿ ನೋಡಿ. ಒರಟಾಗಿದ್ದರೆ ಸುಣ್ಣ."

ಬಹುಕಾಲ ಹಾಗೆಯೇ ನಡೆಯಿತು. ಹೊನ್ನಜ್ಜಿಗೆ ವಯಸ್ಸಾಯಿತು. ಹೊಳೆಯ ಓಟ ನಿಧಾನವಾಯಿತು. ಮರಗಳಿಂದ ಒಸರುವ ಅಂಟು ಮೊದಲಿನಂತೆ ತೊಳೆದುಹೋಗದೆ ಹಸಿರು ಕೊಂಬೆಗಳಿಗೆ ಮೆತ್ತಿ ಗಟ್ಟಿಯಾಯಿತು.

ಕಾವಲುಗಾರರು ತಡವಿದರು. ಒರಟಾಗಿತ್ತು. ಸುಣ್ಣವೇ ಎಂದುಕೊಂಡರು.

"ಏ, ನಿಲ್ರೋ!" ಒಂದು ಕೊಂಬೆ ಕೂಗಿತು. "ನಾನು ಮೊಮ್ಮಗಳು ಪುಟ್ಟತಾಯಿಯ ಹೆಸರು! ನನ್ನೊಳಗೆ ಇನ್ನೂ ರಸ ಇದೆ!"

"ಕಡಿಯೋಕೆ ಬಂದಾಗ ಎಲ್ಲರೂ ಹಾಗೇ ಹೇಳ್ತಾರೆ," ಎಂದ ಹಿರಿಯ ಕಾವಲುಗಾರ.

ಹೊಳೆ ತಡೆಯಲು ಹೊರಟಿತು. ಅದು ಬಂದು ಮುಟ್ಟುವಷ್ಟರಲ್ಲಿ ಕೊಂಬೆ ಬಿದ್ದಿತ್ತು.

ಅಂದು ಜಗಲಿಯ ಮೇಲೆ ಹೊನ್ನಜ್ಜಿ ಕೇಳಿದಳು, "ಯಾರವ್ವ ನೀನು?"

ಪುಟ್ಟತಾಯಿ ಅತ್ತಳು. ಪಕ್ಕದ ಮನೆಯ ಜವರಕ್ಕ ನಕ್ಕಳು. "ಅರವತ್ತಕ್ಕೆ ಅರಳುಮರಳು ಕಣೇ. ಉಣ್ಣೋದು ಮಾತ್ರ ಮುದ್ಕಿಗೆ ಮರೆಯಾಕಿಲ್ಲ."

ಹೊನ್ನಜ್ಜಿ ಅತ್ತ ತಿರುಗಲಿಲ್ಲ. "ಯಾರ ಕೂಸೋ ಏನೋ, ತಲೆ ಕೆದರ್ಕೊಂಡು ಕೂತದೆ. ಬಾ ಇಲ್ಲಿ," ಎಂದು ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದಳು. ಬೈತಲೆ ಎಲ್ಲೂ ಸೊಟ್ಟಗಾಗಲಿಲ್ಲ. ಕೈಗಳ ನೆನಪು ಕಾಡಿನ ಇನ್ನೊಂದು ಅಂಚಿನಲ್ಲಿತ್ತು. ಅಂಟು ಅಲ್ಲಿಯವರೆಗೆ ಹೋಗಿರಲಿಲ್ಲ.

ಆದ್ದರಿಂದಲೇ, ನಿನ್ನ ಹೆಸರು ಮರೆತ ಅಜ್ಜಿ ಇಂದಿಗೂ ನಿನ್ನ ಜಡೆಯನ್ನು ನೇರವಾಗಿ ಹೆಣೆಯುತ್ತಾಳೆ.

ಅಂಟು ಯಾವುದು, ಸುಣ್ಣ ಯಾವುದು ಎಂದು ಆ ಕಾವಲುಗಾರರಿಗೆ ಕಲಿಸುವ ಬಗೆಯನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಈ ಕಥೆಯನ್ನು ಇನ್ನೊಬ್ಬರಿಗೆ ದಾಟಿಸಿ. ಅರಳುಮರಳು ಎಂದು ನಕ್ಕವರಿಗೆ ಮೊದಲು ಹೇಳಿ.